ಉಪ್ಪಾಗೆ ಮಡಿಗೆ ಹೊದೆಸಿದ ದರಗು

ನಮ್ಮ ನರ್ಸರಿಗೆ ಬೋರ್ಡಿಲ್ಲ. ಹೊಸನಗರದಿಂದ ಸಾಗರದ ಕಡೆ ಹೋಗುವ ಬಸ್ಸಿನಲ್ಲಿ "ಗಿಡದ ಮನೆ" ಅಂದರೆ ಸಾಕು, ಕಂಡಕ್ಟರು ತಿರುವಿನಲ್ಲಿ ಇಳಿಸುತ್ತಾರೆ. ಅಲ್ಲಿಂದ ಕೆಳಗಿಳಿದರೆ ಹಸಿರು ಬಲೆ ಹೊದೆಸಿದ ಎರಡು ಚಪ್ಪರ, ಬಾವಿ, ಮಣ್ಣಿನ ಗುಡ್ಡೆ, ಮರಳಿನ ಗುಡ್ಡೆ, ಗೊಬ್ಬರದ ಗುಡ್ಡೆ. ಅದರಾಚೆ ಮನೆ. ಹೂವಿನ ಗಿಡ ಕೇಳಿ ಬಂದವರಿಗೆ ನಾಲ್ಕು ದಾಸವಾಳ ತೋರಿಸುತ್ತೇನೆ ಅಷ್ಟೆ. ನಾವು ಮಾಡುವುದು ಕಾಡಿನ ಗಿಡ. ಹೊನ್ನೆ, ಮತ್ತಿ, ನಂದಿ, ಧೂಪ, ಮುರುಗಲು, ಉಪ್ಪಾಗೆ. ಗಿಡ ನನ್ನ ಪಾಲು, ಮರ ನಮ್ಮ ಮನೆಯವರ ಪಾಲು. ತೋಟಕ್ಕೆ ನೆರಳು ಹೆಚ್ಚಾದಲ್ಲಿ ಟೊಂಗೆ ಸವರುವುದು, ಮಾಡಿನ ಮೇಲೆ ಒರಗಿದ ಮರವನ್ನು ಹಗ್ಗ ಕಟ್ಟಿ ತುಂಡು ತುಂಡಾಗಿ ಇಳಿಸುವುದು, ತೀರ್ಥಹಳ್ಳಿ ಕಡೆಯ ಹೋಂಸ್ಟೇಗಳಿಗೆ ಬೇಲಿಸಾಲು ನೆಟ್ಟು ಕೊಡುವುದು ಅವರ ಕೆಲಸ. ಒಂದು ಹಳೆಯ ಪಿಕಪ್ ಇದೆ. ಅದರಲ್ಲಿ ಬೆಳಿಗ್ಗೆ ಗರಗಸ ಹೋಗುತ್ತದೆ, ಸಂಜೆ ಮಣ್ಣು ಬರುತ್ತದೆ.

ಜನ ನಮ್ಮನ್ನು ನೆನೆಯುವುದು ಮಳೆ ಹಿಡಿದ ಮೇಲೆ. ಜೂನಿನಲ್ಲಿ ಫೋನು ನಿಲ್ಲುವುದಿಲ್ಲ. ಆದರೆ ನಮ್ಮ ವರ್ಷ ಶುರುವಾಗುವುದು ಮಳೆ ಮುಗಿದ ಮೇಲೆ. ದೀಪಾವಳಿ ಕಳೆದು ಮಣ್ಣು ಜರಡಿ ಹಿಡಿಯಬೇಕು, ಚೀಲ ತುಂಬಬೇಕು, ಮಾಘದ ಹೊತ್ತಿಗೆ ಹೊನ್ನೆ, ಮತ್ತಿ ಬೀಜ ಆರಿಸಬೇಕು. ಆಮೇಲೆ ದರಗು. ದರಗು ಅಂದರೆ ಕಾಡಿನಲ್ಲಿ ಉದುರಿದ ಒಣಎಲೆ. ಶಿವರಾತ್ರಿಗೆ ಮೊದಲು ಅದನ್ನು ಗುಡಿಸಿ ತಂದು ಬೀಜ ಹಾಕಿದ ಮಡಿಗಳ ಮೇಲೆ ಮೊಣಕೈ ಮಟ್ಟಕ್ಕೆ ಹೊದೆಸಬೇಕು. ಹೊದೆಸದಿದ್ದರೆ ಬೇಸಿಗೆಯ ಎರಡು ತಿಂಗಳಲ್ಲಿ ಮಡಿ ಹೆಂಚಿನ ಹಾಗೆ ಕಾದು ಒಳಗಿನ ಬೀಜ ಬೆಂದುಹೋಗುತ್ತದೆ. ಎಷ್ಟು ನೀರು ಹಾಕಿದರೂ ಅಷ್ಟೆ.

ಈ ಕೆಲಸವನ್ನೆಲ್ಲ ನನಗೆ ಕಲಿಸಿದವಳು ಅಕ್ಕ. ಒಡಹುಟ್ಟಿದವಳಲ್ಲ. ನಮ್ಮ ಮನೆಯ ಮೇಲಿನ ಕೇರಿಯವಳು, ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು, ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ಹೊಳೆಯಾಚೆ ತುಮರಿಗೆ ಕೊಟ್ಟಿದ್ದಳು. ನಾನು ಚಪ್ಪರ ಹಾಕಿದ ಮೊದಲ ವರ್ಷ ಚೀಲ ತುಂಬಲು ಬಂದವಳು ಮತ್ತೆ ಹೋಗಲಿಲ್ಲ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಅಮ್ಮ ಅನ್ನುತ್ತಿದ್ದಳು. ಅದನ್ನೇ ಹಿಡಿದು ಆಡಿಸುವಳು.

"ನೀವು ಅಕ್ಕ ಅಂತೀರಿ, ನಾನು ಅಮ್ಮ ಅಂತೀನಿ. ಹಂಗಾರೆ ನಾನು ನಿಮ್ಗೆ ಅಕ್ಕನೋ ಮಗಳೋ, ಒಂದು ತೀರ್ಮಾನ ಮಾಡಿ ಮಾರಾಯ್ರೆ. ನಾಳೆ ಸೀರೆ ಕೊಡೋವಾಗ ಗೊತ್ತಾಗ್ಬೇಕಲ್ಲ."

ಅವಳ ಬೆರಳು ಬೇರೆಯೇ ತರ. ಎರಡೆಲೆಯ ಸಸಿಯನ್ನು ಮಡಿಯಿಂದ ಕಿತ್ತು ಚೀಲಕ್ಕೆ ಹಾಕುವಾಗ ನನ್ನ ಕೈಯಲ್ಲಿ ಹತ್ತರಲ್ಲಿ ಮೂರು ಬೇರು ಮುರಿಯುತ್ತಿದ್ದವು. ಅವಳು ಹೆಬ್ಬೆರಳು, ತೋರುಬೆರಳು ಎರಡನ್ನೇ ಮಣ್ಣಿಗಿಳಿಸಿ, ಒಮ್ಮೆ ತಿರುಗಿಸಿ, ಸಸಿಯನ್ನು ಮಣ್ಣಿನ ಸಮೇತ ಎತ್ತಿಬಿಡುವಳು. ಎತ್ತಿದ್ದು ಸಸಿಗೇ ತಿಳಿಯದ ಹಾಗೆ.

ಉಪ್ಪಾಗೆ ವಿಷಯದಲ್ಲಂತೂ ಅವಳ ಮಾತೇ ಮಾತು. ಉಪ್ಪಾಗೆ ಹಣ್ಣು ಮಳೆಗಾಲದಲ್ಲಿ ಬೀಳುತ್ತದೆ. ಸಿಪ್ಪೆ ಒಣಗಿಸಿ ಹುಳಿಗೆ ಇಡುವವರು ಸಿಪ್ಪೆ ತೆಗೆದುಕೊಳ್ಳುತ್ತಾರೆ, ಬೀಜ ನಾವು ತರುತ್ತೇವೆ. ತೊಳೆದು, ನೆರಳಲ್ಲಿ ಆರಿಸಿ, ಮಡಿಗೆ ಹಾಕಿದರೆ ಎಂಟು ಒಂಬತ್ತು ತಿಂಗಳು ಅದರ ಸುದ್ದಿಯೇ ಇಲ್ಲ. ಮೊದಲ ವರ್ಷ ನಾನು ಮಾರ್ಚಿನ ತನಕ ಕಾದು ಸೋತೆ.

"ಎಲ್ಲ ಸತ್ತುಹೋಗಿದೆ ಅಕ್ಕ. ಮಡಿ ಕೆದರಿ ಬೇರೆ ಏನಾದ್ರೂ ಹಾಕೋಣ," ಅಂದೆ.

ಅವಳು ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡಳು. "ಸತ್ತಿಲ್ಲ ಅಮ್ಮ, ಮಲಗಿದೆ. ಮಲಗಿದ್ದನ್ನ ಎಬ್ಬಿಸ್ಬಾರ್ದು. ಹೊದೆಸಿ ಸುಮ್ನಿರಿ."

ಮೇ ತಿಂಗಳ ಮೊದಲ ಎರಡು ಮಳೆಗೆ ದರಗನ್ನು ಎತ್ತಿಕೊಂಡು ಸಸಿ ಎದ್ದವು. ಅಂದಿನಿಂದ ಅದು ನಮ್ಮ ಮನೆಯ ಮಾತಾಯಿತು. ಮೊಳೆಯದ ಯಾವ ಬೀಜವನ್ನೂ ನಾವು ಸತ್ತಿತು ಅನ್ನುವುದಿಲ್ಲ. ಮಲಗಿದೆ ಅನ್ನುತ್ತೇವೆ. ನಮ್ಮ ಮನೆಯವರೂ ಪಿಕಪ್ ಸ್ಟಾರ್ಟ್ ಆಗದ ದಿನ "ಮಲಗಿದೆ ಕಣೆ" ಅನ್ನುವುದುಂಟು.

ಆದರೆ ಆ ಮಾತಿಗೆ ಅಕ್ಕನ ಕೇರಿಯಲ್ಲಿ ಇನ್ನೊಂದು ಅರ್ಥವೂ ಇತ್ತು. ನಮ್ಮ ಅತ್ತೆಯ ಬಾಯಲ್ಲೂ ನಾನು ಅದನ್ನು ಕೇಳಿದ್ದೆ. ಮಂಗ ಸತ್ತರೆ ಸತ್ತಿತು ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅದು ದೇವರ ಪ್ರಾಣಿ. ಮಲಗಿದೆ ಅನ್ನಬೇಕು. ಹಣೆಗೆ ಕುಂಕುಮ ಹಚ್ಚಿ, ಒಂದು ಹೂವಿಟ್ಟು, ಗುಂಡಿ ತೆಗೆದು ಮಣ್ಣು ಮಾಡಿ, ಆ ಮಾತು ಆಡದೆ ಬಂದು ಸ್ನಾನ ಮಾಡುವುದು ಹಿಂದಿನಿಂದ ಬಂದ ಕ್ರಮ.

ಈಗ ಕಾಲ ಆ ಕ್ರಮಕ್ಕೆ ಅನುಕೂಲವಾಗಿಲ್ಲ. ಮಂಗನ ಕಾಯಿಲೆ ಹೊಸನಗರ, ಸಾಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನವರಿಗೆ ಹೊಸದಲ್ಲ. ಚಳಿ ಇಳಿದು ಎಲೆ ಉದುರುವ ಹೊತ್ತಿಗೆ ಅದರ ಕಾಲ. ಕಾಯಿಲೆಯ ಮಂಗ ಸತ್ತರೆ ಅದರ ಮೈಮೇಲಿನ ರಕ್ತ ಹೀರುವ ಉಣುಗು ಉದುರಿ ಸುತ್ತಲಿನ ಒಣಎಲೆಗೆ ಸೇರುತ್ತದೆ. ಎಳ್ಳಿಗಿಂತ ಸಣ್ಣದು, ಕಣ್ಣಿಗೆ ಬೀಳುವುದಿಲ್ಲ. ಆ ಎಲೆ ಗುಡಿಸಿ ತಲೆಮೇಲೆ ಹೊತ್ತವರ ಕುತ್ತಿಗೆ, ಕಂಕುಳು ಹುಡುಕಿಕೊಂಡು ಹೋಗಿ ಕಚ್ಚುತ್ತದೆ. ಪ್ರತಿ ವರ್ಷ ನಮ್ಮೂರ ಆಶಾ ಕಾರ್ಯಕರ್ತೆ ಮನೆ ಮನೆಗೆ ಬಂದು ಮೈಗೆ ಹಚ್ಚುವ ಎಣ್ಣೆಯ ಬಾಟಲಿ ಕೊಟ್ಟು ಒಂದೇ ಪಾಠ ಹೇಳುತ್ತಾಳೆ. "ಮಂಗ ಸತ್ತಿದ್ದು ಕಂಡ್ರೆ ಮುಟ್ಬೇಡಿ, ಮಣ್ಣು ಮಾಡ್ಬೇಡಿ, ನಂಗೆ ಫೋನ್ ಮಾಡಿ. ಆ ಕಾಡಿಗೆ ಹೋಗ್ಬೇಡಿ."

ಎಣ್ಣೆಯ ಬಗ್ಗೆ ಅಕ್ಕನಿಗೆ ತಮಾಷೆ. "ಇದನ್ನ ಹಚ್ಕೊಂಡ್ರೆ ಉಣುಗೂ ಹತ್ರ ಬರಲ್ಲ, ನಮ್ಮನೆ ನಾಯಿನೂ ಹತ್ರ ಬರಲ್ಲ." ಆದರೂ ಹಚ್ಚಿಕೊಳ್ಳುತ್ತಿದ್ದಳು. ಮೊದಲ ಹೊರೆ ಇಳಿಸುವ ಹೊತ್ತಿಗೆ ಬೆವರಿನಲ್ಲಿ ಅರ್ಧ ಹೋಗಿರುತ್ತಿತ್ತು.

ಫೋನ್ ಮಾಡಿದರೆ ಏನಾಗುತ್ತದೆ ಎಂಬುದೂ ನಮಗೆಲ್ಲ ಗೊತ್ತಿತ್ತು. ಇಲಾಖೆಯವರು ಬರುತ್ತಾರೆ, ಮಂಗವನ್ನು ಪರೀಕ್ಷೆಗೆ ಒಯ್ಯುತ್ತಾರೆ ಇಲ್ಲವೆ ಅಲ್ಲೇ ಸುಡುತ್ತಾರೆ, ಸುತ್ತ ಉಣುಗು ಸಾಯುವ ಪುಡಿ ಎರಚುತ್ತಾರೆ. ಮಳೆ ಬರುವ ತನಕ ಆ ಕಡೆಯ ಕಾಡಿಗೆ ಕಾಲಿಡಬೇಡಿ ಎನ್ನುತ್ತಾರೆ. ಅಂದರೆ ದರಗಿಲ್ಲ. ನಮ್ಮ ಮಡಿಗೂ ಇಲ್ಲ, ಕೇರಿಯವರ ಕೊಟ್ಟಿಗೆಗೂ ಇಲ್ಲ.

ಆ ವರ್ಷ ನಾನು ಯಾವತ್ತಿಗಿಂತ ಹೆಚ್ಚು ಉಪ್ಪಾಗೆ ಹಾಕಿಸಿದ್ದೆ. ತೀರ್ಥಹಳ್ಳಿ ಹತ್ತಿರ ಗುಡ್ಡದ ಜಮೀನು ಕೊಂಡ ಒಬ್ಬರು ಎರಡು ಸಾವಿರ ಸಸಿ ಬೇಕೆಂದಿದ್ದರು. ಎರಡು ಮಡಿ ಇದ್ದದ್ದು ಐದಾಯಿತು. ಐದಕ್ಕೂ ಬೀಜ ಊರಿದವಳು ಅಕ್ಕ. ಒಂದೊಂದನ್ನೂ ಒಂದೇ ಮಗ್ಗುಲಿಗೆ ಇಟ್ಟು, ಬೆರಳಿನ ಗೆಣ್ಣಿನಷ್ಟು ಆಳಕ್ಕೆ ಒತ್ತಿದ್ದಳು. ಬಿಸಿಲು ಬೇಗ ಬಂತು. ಫೆಬ್ರವರಿ ಎರಡನೆಯ ವಾರಕ್ಕೇ ಮಡಿಯ ಅಂಚು ಬಿರುಕು ಬಿಡತೊಡಗಿತು. ಬೆಳಿಗ್ಗೆ ನೀರು ಹಾಕಿದರೆ ಹತ್ತು ಗಂಟೆಗೆ ಮಣ್ಣು ಬೆಳ್ಳಗೆ. ನಮ್ಮ ಮನೆಯವರು ವರದಾಮೂಲದ ಹತ್ತಿರ ಯಾರದೋ ಮನೆಯ ಮೇಲೆ ಬಾಗಿದ ಮರ ಇಳಿಸಲು ಹೋಗಿದ್ದರು, ನಾಲ್ಕು ದಿನದ ಕೆಲಸ. ಅವರು ಬರುವುದರೊಳಗೆ ಐದೂ ಮಡಿ ಹೊದೆಸಿ ಮುಗಿಸೋಣ ಎಂದು ಅಕ್ಕನಿಗೆ ಹೇಳಿದೆ.

ಅವಳು ಕಡ್ಡಿ ಪೊರಕೆ ಮತ್ತು ಹಳೆ ಸೀರೆ ಹಿಡಿದು ಮೇಲಿನ ಸೊಪ್ಪಿನಬೆಟ್ಟಕ್ಕೆ ಹೋದಳು. ಹತ್ತು ಗಂಟೆ ಹೊತ್ತಿಗೆ ಮೊದಲ ಹೊರೆ ತಂದಳು. ಸೀರೆಯ ಗಂಟನ್ನು ಇಳಿಸಿದವಳು ಬಿಚ್ಚಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನಿಂತಳು. ನಾನು ಮೂರನೆಯ ಮಡಿಗೆ ನೀರು ಹನಿಸುತ್ತಿದ್ದೆ.

"ಅಮ್ಮಾ, ಮೇಲೆ ದೊಡ್ಡ ಹಲಸಿನ ಬುಡದಾಗೆ ಒಂದು ಮಲಗಿದೆ."

"ಯಾವ ಹಲಸು?"

"ಬಂಡೆ ಹತ್ರದ್ದು."

ನಾನು ಮಡಿಯನ್ನು ನೋಡಿದೆ. ನೀರು ಬಿದ್ದ ಜಾಗ ನೋಡುತ್ತಿದ್ದಂತೆ ಆರುತ್ತಿತ್ತು.

"ಹೌದಾ," ಅಂದೆ. ಅಲ್ಲಿಗೆ ಇನ್ನೊಮ್ಮೆ ನೀರು ಹನಿಸಿ, "ಆ ಕಡೆ ಬೇಡ ಹಂಗಾರೆ. ಈಚೆ ಮಗ್ಗುಲಲ್ಲಿ ಗುಡ್ಸು. ಇನ್ನೊಂದು ಏಳೆಂಟು ಹೊರೆ ಬೇಕಾಗ್ಬಹುದು."

ಅವಳು ನನ್ನ ಮುಖ ನೋಡಿದಳು. "ನೀವು ಹೇಳ್ದ್ಹಂಗೆ," ಎಂದು ಗಂಟು ಬಿಚ್ಚಿ ದರಗು ಸುರಿದು, ಖಾಲಿ ಸೀರೆ ಹೆಗಲಿಗೆ ಹಾಕಿಕೊಂಡು ಹೋದಳು.

ಅಷ್ಟೇ ನಡೆದದ್ದು. ಆಮೇಲೆ ಎಷ್ಟೋ ಸಲ ಆ ಹೊತ್ತನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ನನಗೆ ಅರ್ಥವಾಗಲಿಲ್ಲ ಎಂದು ಹೇಳಲು ಬರುವುದಿಲ್ಲ. ಅರ್ಥವಾಗದವಳು "ಆ ಕಡೆ ಬೇಡ" ಅನ್ನುತ್ತಿರಲಿಲ್ಲ. ಅವಳು ಸತ್ತಿದೆ ಅಂದಿದ್ದರೆ ನಾನು ಫೋನು ತೆಗೆಯುತ್ತಿದ್ದೆನೋ ಏನೋ. ಆ ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಇಬ್ಬರೂ ಅದನ್ನು ದಾಟಿ ಹೋಗುವುದು ಕಷ್ಟವಿತ್ತು. ಮಲಗಿದೆ ಎಂಬುದನ್ನು ದಾಟುವುದು ಸುಲಭ. ದಾಟಿದೆ.

ಮೂರು ದಿನದಲ್ಲಿ ಒಂಬತ್ತು ಹೊರೆ ಬಂತು. ಮಡಿಗಳಿಗೆ ಹರಡಿದವಳು ನಾನು. ಅದೇ ದರಗನ್ನು ಬರಿಗೈಯಲ್ಲಿ ತಬ್ಬಿ ಎತ್ತಿ ಹರಡಿದೆ. ನನಗೆ ಏನೂ ಆಗಲಿಲ್ಲ.

ನಮ್ಮ ಮನೆಯವರು ಬಂದವರು ಮಡಿ ನೋಡಿ, "ಅಬ್ಬಾ, ಹಾಸಿಗೆ ಹಾಸಿದ ಹಾಗಿದೆ," ಎಂದರು. ನಾನು ನಕ್ಕೆ. ಹಲಸಿನ ಬುಡದ ಮಾತು ಅವರಿಗೂ ಹೇಳಲಿಲ್ಲ.

ಅದಾಗಿ ಐದನೆಯ ದಿನ ಅಕ್ಕ ಕೆಲಸಕ್ಕೆ ಬರಲಿಲ್ಲ. ಎಂಟು ಗಂಟೆಯ ತನಕ ಕಾದೆ. ಒಂಬತ್ತಕ್ಕೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದೆ. ಕೇರಿ ಹತ್ತಿ ಹೋದರೆ ಬಾಗಿಲು ಮುಂದೆ ಮಾಡಿತ್ತು. ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ಕುಂಕುಮದ ಹಾಗೆ ಕೆಂಪು.

"ತಲೆ ಒಡೆದು ಹೋಗ್ತದೆ ಅಮ್ಮ. ಸೊಂಟ ಯಾರೋ ಒನಕೆಯಲ್ಲಿ ಕುಟ್ಟಿದ್ಹಂಗೆ. ನಾಳೆ ಬರ್ತೀನಿ. ನಂದಿ ಬೀಜ ಬಿಸ್ಲಲ್ಲಿದೆ, ಎತ್ತಿಡಿ."

ಪಿಕಪ್ಪಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆವು. ದಾರಿಯ ಒಂದೊಂದು ಗುಂಡಿಗೂ ಅವಳು ಹಲ್ಲು ಕಚ್ಚುತ್ತಿದ್ದಳು. ಡಾಕ್ಟರು ಕಣ್ಣು ನೋಡಿದವರೇ ರಕ್ತ ತೆಗೆದು ಪರೀಕ್ಷೆಗೆ ಕಳಿಸಲು ಹೇಳಿದರು.

"ಕಾಡಿಗೆ ಹೋಗಿದ್ರಾ?"

"ಹೋಗಿದ್ದೆ. ದರಗಿಗೆ."

"ಮಂಗ ಸತ್ತಿದ್ದು ಏನಾದ್ರೂ ಕಂಡ್ರಾ?"

ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ನಾನು ನೀರಿನ ಬಾಟಲಿ ಹಿಡಿದು ಮಂಚದ ಕಾಲ ಹತ್ತಿರ ನಿಂತಿದ್ದೆ.

"ಸತ್ತಿದ್ದು ಕಂಡಿಲ್ಲ," ಅಂದಳು.

ಸುಳ್ಳಲ್ಲ, ಅವಳ ಮಾತಿನ ಕ್ರಮದಲ್ಲಿ. ನಾನೂ ಬಾಯಿ ತೆರೆಯಲಿಲ್ಲ. ಬಾಟಲಿಯ ಮುಚ್ಚಳ ಬಿಗಿ ಮಾಡಿದೆ, ಅದು ಬಿಗಿಯಾಗಿಯೇ ಇತ್ತು.

ವರದಿ ಮಂಗನ ಕಾಯಿಲೆ ಎಂದು ಬಂತು. ಅದೇ ದಿನ ಆಶಾ ಕಾರ್ಯಕರ್ತೆ ಇಬ್ಬರನ್ನು ಕರೆದುಕೊಂಡು ಬೆಟ್ಟ ಹುಡುಕಿದಳು. ಹಲಸಿನ ಬುಡದಲ್ಲಿ ಉಳಿದದ್ದು ಸಿಕ್ಕಿತು. ಅದರ ಮೇಲೆ ಒಣಗಿದ ಒಂದು ದಾಸವಾಳವಿತ್ತಂತೆ. ನಮ್ಮ ನರ್ಸರಿಯದೇ ಇರಬೇಕು, ಬೆಟ್ಟದಲ್ಲಿ ದಾಸವಾಳ ಎಲ್ಲಿಂದ ಬರಬೇಕು. ಅಕ್ಕ ಎರಡನೆಯ ಹೊರೆಗೆ ಹೋಗುವಾಗ ಕಿತ್ತುಕೊಂಡು ಹೋಗಿದ್ದಳು ಎಂದು ಆಮೇಲೆ ಹೊಳೆಯಿತು. ನಾನು ಆ ಕಡೆ ಬೇಡ ಅಂದ ಮೇಲೂ ಹೂವಿಡಲು ಅವಳು ಅಲ್ಲಿಗೆ ಹೋಗಿದ್ದಳು.

ಆಶಾ ಕಾರ್ಯಕರ್ತೆ ನಮ್ಮ ಜಗಲಿಗೆ ಬಂದು ಕೂತಳು. ನನ್ನ ಜೊತೆ ಓದಿದವಳಲ್ಲದಿದ್ದರೂ ಅದೇ ವಯಸ್ಸಿನವಳು, ಸಲುಗೆ ಇದೆ.

"ನಿಮ್ಗೆ ಹೇಳಿರ್ಲಿಲ್ವೇನ್ರೀ ಅವ್ರು?"

"ಒಂದು ಮಲಗಿದೆ ಅಂದಿದ್ಲು. ನಾನು ದನ ಅಂದ್ಕೊಂಡೆ."

ಅವಳು ಕುಡಿಯುತ್ತಿದ್ದ ಮಜ್ಜಿಗೆ ಲೋಟ ಕೆಳಗಿಟ್ಟಳು. "ದನ ಮಲಗಿದ್ದು ಹೇಳೋಕೆ ಯಾರಾದ್ರೂ ಹೊರೆ ಇಳಿಸಿ ನಿಲ್ತಾರಾ ಮಾರಾಯ್ರೆ? ಈ ಊರಲ್ಲಿ ದನ ಮಲಗೋದು ಸುದ್ದಿಯಾ?"

ಹೊರೆ ಇಳಿಸಿ ನಿಂತದ್ದು ಅವಳಿಗೆ ಗೊತ್ತಿರಲಿಲ್ಲ. ಸುಮ್ಮನೆ ಅಂದದ್ದು. ಆದರೂ ಅವಳು ಅಲ್ಲೇ ನಿಂತು ನೋಡಿದ್ದಳೇನೋ ಅನ್ನಿಸಿತು.

ಅಕ್ಕ ಹತ್ತು ದಿನ ಆಸ್ಪತ್ರೆಯಲ್ಲಿದ್ದಳು. ಒಸಡಿನಲ್ಲಿ ರಕ್ತ ಬಂತು, ನಿಂತಿತು. ಬೆಳಿಗ್ಗೆ ನಾನು ಗಂಜಿ ಒಯ್ಯುತ್ತಿದ್ದೆ. ಮಗಳಿಗೆ ತಿಳಿಸೋಣ ಅಂದರೆ ಕೈ ಹಿಡಿದುಕೊಳ್ಳುವಳು. "ಬ್ಯಾಡ. ಹೊಳೆ ದಾಟಿ ಬರ್ಬೇಕು, ಸಣ್ಣ ಮಕ್ಳು. ನಾನು ಎದ್ದ ಮೇಲೆ ನಾನೇ ಹೋಗಿ ಹೇಳ್ತೀನಿ." ಇನ್ನೊಂದು ಹೇಳದೆ ಉಳಿದ ಮಾತು. ಅದಕ್ಕೂ ನಾನು ಆಗಲಿ ಅಂದೆ.

ಜ್ವರ ಬಿಟ್ಟಿತು. ಮನೆಗೆ ಕಳಿಸಿದರು. ಈ ಕಾಯಿಲೆ ಕೆಲವರಿಗೆ ಒಮ್ಮೆ ಹೋಗಿ ಮತ್ತೆ ತಿರುಗಿ ಬರುವುದುಂಟು, ಜೋಪಾನ ಎಂದು ಡಾಕ್ಟರು ಹೇಳಿದ್ದರು. ನಾನು ಅವಳನ್ನು ನಮ್ಮಲ್ಲೇ ಇರಿಸಿಕೊಂಡೆ. ನಾಲ್ಕನೆಯ ದಿನ ಜಗಲಿಗೆ ಬಂದು ಕೂತು, "ಸುಮ್ನೆ ಕೂತ್ರೆ ಕೈ ಜೋಮು ಹಿಡೀತದೆ," ಎಂದು ಹೊನ್ನೆ ಬೀಜದ ಮೊರ ಎಳೆದುಕೊಂಡಳು. ಹೊನ್ನೆ ಕಾಯಿ ಹಪ್ಪಳದ ಹಾಗೆ ಚಪ್ಪಟೆ, ನಡುವೆ ಗಂಟು. ಪೊಳ್ಳು ಯಾವುದು, ಗಟ್ಟಿ ಯಾವುದು ಎಂದು ಅವಳ ಬೆರಳಿಗೆ ಒತ್ತಿದ ಕೂಡಲೇ ಗೊತ್ತಾಗುತ್ತಿತ್ತು. ಆ ದಿನ ಒಂದೊಂದನ್ನೂ ಎರಡೆರಡು ಸಲ ಒತ್ತುತ್ತಿದ್ದಳು.

ನಾನು ಎದುರಿಗೆ ಕೂತೆ.

"ಅಕ್ಕಾ, ಆವತ್ತು ನೀನು ಹೇಳಿದ್ದು ನಂಗೆ ಗೊತ್ತಾಗಿತ್ತು."

ಅವಳು ಕೈ ನಿಲ್ಲಿಸಲಿಲ್ಲ. "ಗೊತ್ತಾಗಿತ್ತು ಅಂತ ನಂಗೂ ಗೊತ್ತಾಗಿತ್ತು. ಆ ಕಡೆ ಬ್ಯಾಡ ಅಂದ್ರಲ್ಲ."

"ಮತ್ತೆ ಯಾಕೆ ಹೋದೆ?"

"ಮಡಿ ಒಣಗ್ತಿತ್ತಲ್ಲ. ನಾನು ಹಾಕಿದ ಬೀಜ ಅದು." ಒಂದು ಪೊಳ್ಳು ಕಾಯನ್ನು ಅಂಗಳಕ್ಕೆ ಎಸೆದಳು. "ನೀವು ಬೆಟ್ಟಕ್ಕೇ ಬ್ಯಾಡ ಅಂದಿದ್ರೆ ಹೋಗ್ತಿರ್ಲಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಇವತ್ತು ಮೋಡ ಇದೆ ಅನ್ನುವ ಹಾಗೆ ಹೇಳಿದಳು. ಸಿಟ್ಟು ಮಾಡಿದ್ದರೆ ನಾನು ಅತ್ತಾದರೂ ಹಗುರಾಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳೇ, "ಆ ಡಾಕ್ಟ್ರು ಪಾಪ, ಸರಿಯಾಗೇ ಕೇಳಿದ್ರು. ನನ್ನ ನಾಲಿಗೆಗೆ ಬರ್ಲಿಲ್ಲ," ಅಂದಳು. ಆಮೇಲೆ ಮೊರ ನನ್ನ ಕಡೆ ತಳ್ಳಿ, "ಇದಿಷ್ಟು ನೀವೇ ನೋಡಿ, ನಂಗೆ ಎರಡೆರಡು ಕಾಣ್ತದೆ," ಅಂದಳು.

ಎರಡೆರಡು ಕಾಣುತ್ತಿದೆ ಅಂದದ್ದಕ್ಕೆ ನಾನು ಆಗಲೇ ಎದ್ದು ಆಸ್ಪತ್ರೆಗೆ ಹೊರಡಬೇಕಿತ್ತು. ನಿಶ್ಶಕ್ತಿ ಅಂದುಕೊಂಡೆ. ಒಂದು ಲೋಟ ಹಾಲು ಕಾಯಿಸಿ ಕೊಟ್ಟೆ. ಮಾರನೆಯ ಬೆಳಿಗ್ಗೆ ಜ್ವರ ತಿರುಗಿ ಬಂದಿತ್ತು. ಮೈ ನಡುಗುತ್ತಿತ್ತು, ಕತ್ತು ಬಿಗಿದಿತ್ತು. ತಾಲ್ಲೂಕಿನಲ್ಲಿ ನೋಡಿದವರು ಶಿವಮೊಗ್ಗಕ್ಕೆ ಕಳಿಸಿದರು. ಆಂಬುಲೆನ್ಸ್ ಹೊರಡುವ ಮೊದಲು ಮಗಳಿಗೆ ಫೋನ್ ಮಾಡಿದೆ. ಆಗಿನ್ನೂ ಹೊಳೆಗೆ ಸೇತುವೆ ಆಗಿರಲಿಲ್ಲ. ಸಿಗಂದೂರಿಗೆ ಬಂದ ಗಾಡಿಗಳ ಸಾಲು ಕಳೆದು ಅವಳಿಗೆ ಲಾಂಚ್ ಸಿಕ್ಕಿದ್ದು ಮಧ್ಯಾಹ್ನ. ಶಿವಮೊಗ್ಗ ತಲುಪುವ ಹೊತ್ತಿಗೆ ತಾಯಿಗೆ ಗುರುತು ಹತ್ತುತ್ತಿರಲಿಲ್ಲ.

ಅಕ್ಕನ ಬಲಗೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹೆಬ್ಬೆರಳು, ತೋರುಬೆರಳು ಜೋಡಿಸಿ ಹಾಸಿಗೆಯ ಬಟ್ಟೆಯನ್ನು ಹಿಡಿದು, ಒಮ್ಮೆ ತಿರುಗಿಸಿ, ಮೇಲೆತ್ತಿ, ಪಕ್ಕಕ್ಕೆ ಇಡುತ್ತಿತ್ತು. ಮತ್ತೆ ಹಿಡಿಯುತ್ತಿತ್ತು. ಮಗಳು, "ಅವ್ವ ಏನು ಕೀಳ್ತಿದಾಳೆ?" ಎಂದು ಕೇಳಿದಳು. ಸಸಿ ಅಂದೆ. ಮೂರನೆಯ ದಿನ ಬೆಳಿಗ್ಗೆ ಕೈ ನಿಂತಿತು.

ಕಾರ್ಯದ ದಿನ ನಾನು, ನಮ್ಮ ಮನೆಯವರು ಕೇರಿಗೆ ಹೋದೆವು. ಊಟವಾದ ಮೇಲೆ ಮಗಳು ನನ್ನನ್ನು ಬಾಗಿಲ ಹೊರಗೆ ಕರೆದು, "ನೀವಿಲ್ದಿದ್ರೆ ಅವ್ವ ಆಸ್ಪತ್ರೆ ಮೆಟ್ಲೂ ಹತ್ತುತಿರ್ಲಿಲ್ಲ. ಮಗಳಾಗಿ ನಾನು ಮಾಡದ್ದು ನೀವು ಮಾಡಿದ್ರಿ," ಅಂದಳು.

ಆ ಮಾತನ್ನು ಇಟ್ಟುಕೊಂಡು ಮನೆಗೆ ಹೋಗಲು ನನ್ನಿಂದ ಆಗಲಿಲ್ಲ. ಹಲಸಿನ ಬುಡದ್ದು, ಮಲಗಿದೆ ಅಂದದ್ದು, ನಾನು ಏಳೆಂಟು ಹೊರೆ ಬೇಕು ಅಂದದ್ದು, ಅವಳಿಗೆ ತಿಳಿಸಬೇಡಿ ಅಂದದ್ದಕ್ಕೆ ಆಗಲಿ ಅಂದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ನಮ್ಮ ಮನೆಯವರು ಪಕ್ಕದಲ್ಲಿದ್ದರು. ಅವರಿಗೂ ಅದೇ ಮೊದಲು.

ಮಗಳು ಕೈಯಲ್ಲಿದ್ದ ಎಲೆಅಡಿಕೆ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು.

"ಬೀಜ ಹುಟ್ತಾ?" ಎಂದು ಕೇಳಿದಳು.

"ಇನ್ನೂ ಇಲ್ಲ."

ಅವಳು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಆಮೇಲೆ ನಾನು ಮಾಡಿದ ಫೋನ್ ಒಂದನ್ನೂ ಅವಳು ಎತ್ತಿಲ್ಲ. ಸೇತುವೆ ಆದ ಮೇಲೆ ಒಮ್ಮೆ ತುಮರಿಯ ತನಕ ಹೋಗಿ, ಅವಳ ಮನೆಯ ಬೇಲಿ ನೋಡಿ, ಇಳಿಯದೆ ಬಂದೆ.

ಆ ದಿನ ಕಾರ್ಯದ ಮನೆಯಿಂದ ಬರುವ ದಾರಿಯಲ್ಲಿ ನಮ್ಮ ಮನೆಯವರು ಕೇಳಿದ್ದು ಒಂದೇ. "ನಂಗಾದ್ರೂ ಹೇಳ್ಬಹುದಿತ್ತಲ್ಲೇ?" ಆಮೇಲೆ ಅವರೇ, "ಹೇಳಿದ್ರೆ ನಾನೂ ಏನಂತಿದ್ನೋ," ಅಂದರು. ಅದನ್ನು ಸಮಾಧಾನಕ್ಕೆ ಅಂದರೋ ನಿಜಕ್ಕೆ ಅಂದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೇ ತಿಂಗಳಲ್ಲಿ ಉಪ್ಪಾಗೆ ಹುಟ್ಟಿತು. ಅಷ್ಟು ಚೆನ್ನಾಗಿ ಅದು ಯಾವ ವರ್ಷವೂ ಹುಟ್ಟಿರಲಿಲ್ಲ. ಐದೂ ಮಡಿಯಲ್ಲಿ ಗೆರೆ ಹಾಕಿದ ಹಾಗೆ, ಒಂದೇ ಎತ್ತರಕ್ಕೆ, ದರಗನ್ನು ತಲೆಯಿಂದ ನೂಕಿಕೊಂಡು ಬಂದವು. ಕೊಳೆತ ದರಗು ಒಳ್ಳೆಯ ಗೊಬ್ಬರವಾಗಿತ್ತು. ಚೀಲಕ್ಕೆ ಹಾಕಲು ಅಕ್ಕನ ಬೆರಳಿರಲಿಲ್ಲ. ಮಳೆಯಲ್ಲಿ ಕಂಬಳಿಗೊಪ್ಪೆ ಹಾಕಿಕೊಂಡು ನಾನೊಬ್ಬಳೇ ಕೂತು ಕಿತ್ತೆ. ಹತ್ತರಲ್ಲಿ ಮೂರು ಬೇರು ಮುರಿದವು, ಮೊದಲಿನ ಹಾಗೆಯೇ. ಮುರಿದವನ್ನು ಎಸೆಯಲು ಮನಸ್ಸಾಗದೆ ಅವನ್ನೂ ಊರಿದೆ. ಹೆಚ್ಚಿನವು ವಾರದಲ್ಲಿ ಬಾಡಿದವು. ಆದರೂ ಮುಂದಿನ ವರ್ಷಕ್ಕೆ ಎರಡು ಸಾವಿರಕ್ಕೆ ಕಡಿಮೆಯಾಗಲಿಲ್ಲ. ಮಳೆ ಹಿಡಿಯುತ್ತಲೇ ತೀರ್ಥಹಳ್ಳಿಯವರು ಬಂದು ಎಲ್ಲವನ್ನೂ ಒಯ್ದರು, "ಎಷ್ಟು ಆರೋಗ್ಯವಾಗಿದಾವೆ," ಎಂದು ಹೊಗಳಿದರು. ಒಂದು ಗಿಡವನ್ನೂ ನಾನು ಉಳಿಸಿಕೊಳ್ಳಲಿಲ್ಲ.

ಹೋದ ಚಳಿಗಾಲದ ಕೊನೆಗೆ ಮೂರು ಮಡಿ ಉಪ್ಪಾಗೆ ಇತ್ತು. ದರಗು ಇನ್ನೂ ತಂದಿರಲಿಲ್ಲ. ಒಂದು ಬೆಳಿಗ್ಗೆ ಬಾವಿಯ ಹಿಂದೆ ಬಿದಿರುಮೆಳೆಯ ಹತ್ತಿರ ನಾಯಿ ಬೊಗಳಿತು. ಹೋಗಿ ನೋಡಿದರೆ ಮಂಗ, ಮಗ್ಗುಲಾಗಿ, ಒಂದು ಕೈ ತಲೆಯ ಕೆಳಗೆ. ಅಷ್ಟರಲ್ಲಿ ಕೇರಿಯ ಒಬ್ಬ ಅಜ್ಜಿ ನೀರಿಗೆ ಬಂದವಳು ಕೊಡ ಇಳಿಸಿ ಕೈಮುಗಿದಳು.

"ಮಲಗಿದಾನೆ ಪುಣ್ಯಾತ್ಮ. ಒಂದು ಗುಂಡಿ ತೆಗೆಸ್ರಿ ಅಮ್ಮ, ಸುಮ್ನೆ ಮಣ್ಣು ಮಾಡನ. ಯಾರಿಗೂ ಹೇಳೋದು ಬ್ಯಾಡ. ಹೇಳಿದ್ರೆ ಬೆಟ್ಟ ಬಂದ್ ಮಾಡ್ತಾರೆ, ಕೊಟ್ಟಿಗೆಗೆ ದರಗಿಲ್ಲ."

ನಾನು ಫೋನ್ ತೆಗೆದೆ. ಆಶಾ ಕಾರ್ಯಕರ್ತೆ ಎತ್ತಿದಳು. ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದಳು. ನನ್ನ ನಾಲಿಗೆಗೂ ಆ ಮಾತು ಸುಲಭಕ್ಕೆ ಬರಲಿಲ್ಲ. ಬಾವಿಯ ಹತ್ತಿರ, ಬಿದಿರು, ಮಂಗ ಎಂದು ತೊದಲಿದೆ.

"ಮಂಗ ಏನಾಗಿದೆ? ಮಲಗಿದೆಯಾ?" ಎಂದಳು ಅವಳು. ಅವಳೂ ಇದೇ ಊರಿನವಳು.

"ಮಲಗಿಲ್ಲ. ಸತ್ತಿದೆ."

ಅಜ್ಜಿ ಕಿವಿ ಮುಚ್ಚಿಕೊಂಡಳು. "ಥೂ, ಎಂಥಾ ಬಾಯಿ ನಿಮ್ದು! ನಿಮ್ಮ ಒಂದು ಫೋನಿಂದ ಊರ ದನಕ್ಕೆಲ್ಲ ಹಾಸೋಕೆ ದರಗಿಲ್ಲ ಈ ವರ್ಷ," ಎಂದು ಕೊಡ ಎತ್ತಿಕೊಂಡು ನೀರು ಸೇದದೆ ಹೋದಳು. ಇಲಾಖೆಯವರು ಬರುವ ತನಕ ಎರಡು ಗಂಟೆ ನಾನು ದೂರದಲ್ಲಿ ಕೋಲು ಹಿಡಿದು ನಿಂತು ನಾಯಿ ಹತ್ತಿರ ಹೋಗದಂತೆ ಕಾದೆ. ದಾಸವಾಳ ಕೈಗೆಟುಕುವಲ್ಲೇ ಇತ್ತು. ಕೀಳಲಿಲ್ಲ.

ಬೆಟ್ಟ ಬಂದ್ ಆಯಿತು. ಮಡಿಗಳಿಗೆ ಗೋಣಿಚೀಲ ಹಾಸಿದೆ, ತೆಂಗಿನ ಗರಿ ಹೊದೆಸಿದೆ, ದಿನಕ್ಕೆ ಮೂರು ಸಲ ನೀರು ಹಾಕಿದೆ. ಕೇರಿಯವರು ಆ ಬೇಸಿಗೆ ನಮ್ಮ ಕೆಲಸಕ್ಕೆ ಬರಲಿಲ್ಲ. ಯಾರಿಗೂ ಜ್ವರವೂ ಬರಲಿಲ್ಲ. ಅದು ಫೋನಿನಿಂದಲೋ ಅಲ್ಲವೋ ಹೇಳುವವರು ಯಾರು.

ಮೇ ಮುಗಿದು ಜೂನ್ ನಡುವಿನ ತನಕ ಕಾದೆ. ಒಂದು ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಎದ್ದವು. ಉಳಿದೆರಡರಲ್ಲಿ ಏನೂ ಇಲ್ಲ. ಸತ್ತಿಲ್ಲ ಅಮ್ಮ ಎಂದು ಗುದ್ದಲಿ ಕಿತ್ತುಕೊಳ್ಳುವವರು ಯಾರೂ ಇರಲಿಲ್ಲ. ಒಂದು ಬೀಜ ಬೆರಳಿನಿಂದ ಹೊರತೆಗೆದು ಕತ್ತಿಯ ಮೊನೆಯಲ್ಲಿ ಸೀಳಿ ನೋಡಿದೆ. ಒಳಗೆ ಕಪ್ಪು ಪುಡಿ. ಇನ್ನೊಂದು ಸೀಳಿದೆ. ಅದೂ ಹಾಗೆಯೇ. ನಾಲ್ಕನೆಯದಕ್ಕೆ ನಿಲ್ಲಿಸಿ, ಗುದ್ದಲಿ ತಂದು, ಎರಡೂ ಮಡಿ ಕೆದರಿ ಹಾಕಿದೆ.